ತಂಬೂರಿ ಕೊಳ್ಳೋರಿಗೆ ನಾಲ್ಕು ಮಾತು

ಆದೋನಿ ಯಾರ್ಡಿನಲ್ಲಿ ಹತ್ತಿ ಮಾರಿದ ರೈತ ದುಡ್ಡು ಎಣಿಸಿಕೊಂಡ ಮೇಲೆ ಏನೇನು ಕೊಳ್ಳುತ್ತಾನೆ ಅಂತ ನಮಗೆಲ್ಲ ಗೊತ್ತು. ಬೀಜ, ಗೊಬ್ಬರ, ಮಗಳ ಮದುವೆಗೆ ಬಂಗಾರ, ಉಳಿದದ್ದು ಹಳೆ ಬಾಕಿಗೆ. ಆ ಪಟ್ಟಿಯಲ್ಲಿ ತಂಬೂರಿ ಬರೋದು ಅಪರೂಪ. ಹಾಗಂತ ನಮ್ಮ ಸೀಮೆಗೆ ತಂಬೂರಿ ಹೊಸದೇನಲ್ಲ. ಆಲೂರು ಕಡೆಯ ಚಿಪ್ಪಗಿರಿಯಲ್ಲಿ ವಿಜಯದಾಸರು 1755ರಲ್ಲಿ ದೇಹ ಬಿಟ್ಟರು. ಮಂತ್ರಾಲಯ ನಮ್ಮ ಮಗ್ಗುಲಲ್ಲೇ ಇದೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿದವು. ಕಚೇರಿ ಕಾಗದ ತೆಲುಗಾಯಿತು, ಶಾಲೆ ಬಹುಪಾಲು ತೆಲುಗಾಯಿತು. ದಾಸರ ಪದ ಮಾತ್ರ ಕನ್ನಡದಲ್ಲೇ ಉಳಿದವು. ಮನೆಯಲ್ಲಿ ತೆಲುಗು ಮಾತಾಡೋ ಹುಡುಗ ಕೂಡ ಭಜನೆಗೆ ಕೂತರೆ ಕನ್ನಡ ಹಾಡ್ತಾನೆ.

ಹಾಡಬೇಕಾದರೆ ಶ್ರುತಿ ಬೇಕು. ನಮ್ಮ ಭಜನಾ ಮಂಡಳಿಯ ಹಳೇ ತಂಬೂರಿಯ ಕತ್ತು ಸೀಳಿದ ಮೇಲೆ ಎರಡು ವರ್ಷ ಕರೆಂಟಿನ ಶ್ರುತಿಪೆಟ್ಟಿಗೆಯಲ್ಲೇ ದೂಡಿದೆವು. ಅದನ್ನು ನಾನು ಬೈಯೋದಿಲ್ಲ. ಅಗ್ಗ, ಹಗುರ, ದಿನದ ಅಭ್ಯಾಸಕ್ಕೆ ಸಾಕು. ಆದರೆ ಗುಂಡಿ ಒತ್ತಿ ಎದ್ದು ಹೋಗಬಹುದು. ತಂಬೂರಿ ಹಾಗಲ್ಲ, ಮೀಟೋಕೆ ಒಬ್ಬರು ಕೂರಲೇಬೇಕು. ಹಿಂದಿನಿಂದ ಆ ಕೆಲಸ ಹುಡುಗರದು. ಹಿರಿಯರ ಬೆನ್ನ ಹಿಂದೆ ಕೂತು ಮೀಟ್ತಾ ಮೀಟ್ತಾ ಪದವೂ ಬಾಯಿಗೆ ಬರುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ಆ ಜಾಗ ಖಾಲಿ ಬಿತ್ತು. ಹಾಡುವ ಹಿರಿಯರು ಒಬ್ಬೊಬ್ಬರೇ ಹೋಗ್ತಾ ಇದ್ದಾರೆ, ಕಲಿಯೋರು ಯಾರು? ಅದಕ್ಕೇ ಮಂಡಳಿಯವರೆಲ್ಲ ಪಟ್ಟಿ ಎತ್ತಿದೆವು.

ಬಣ್ಣ ನೋಡಬೇಡಿ

ಮೊದಲು ಹತ್ತಿರದ ಒಂದು ಪಟ್ಟಣದಲ್ಲಿ ವಿಚಾರಿಸಿದೆವು. ಅಂಗಡಿಯವರು 'ಮಿರಜ್ ಮಾಲು' ಅಂತ ಒಂದು ತೋರಿಸಿದರು. ಥಳಥಳ ಹೊಳಪು, ತುಂಬ ನಕಾಶೆ. ಕತ್ತು ಬುರುಡೆಗೆ ಕೂಡುವ ಜಾಗದಲ್ಲಿ ಬೆರಳಾಡಿಸಿದರೆ ಬಿರುಕಿಗೆ ಮೇಣ ತುಂಬಿ ಮೇಲೆ ಬಣ್ಣ ಹೊಡೆದದ್ದು ತಿಳೀತು. ನಮಸ್ಕಾರ ಹೇಳಿ ಬಂದೆವು.

ಮಿರಜಿಗೇ ಹೋಗೋಣ ಅಂತಾಯಿತು. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ, ಬೆಳಗಾವಿ ದಾಟಿದರೆ ಮಿರಜ್. ಅಲ್ಲಿ ತಂತಿವಾದ್ಯದ ಕಸುಬು ಹತ್ತೊಂಬತ್ತನೇ ಶತಮಾನದ್ದು. ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದ ಫರೀದ್ ಸಾಹೇಬರು ಅದನ್ನು ಬೆಳೆಸಿದರು. ಅಬ್ದುಲ್ ಕರೀಂ ಖಾನ್ ಸಾಹೇಬರು ಬಾಳಿದ ಊರೂ ಅದೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗೆ ಭೌಗೋಳಿಕ ಗುರುತೂ ಸಿಕ್ಕಿತು.

ಇದೂ ಒಂದು ಬೆಳೆ

ರೈತನಾದ ನನಗೆ ಬುರುಡೆಯೇ ದೊಡ್ಡ ವಿಚಾರ. ಇದು ನಮ್ಮ ಹುಳಿಗೆ ಹಾಕೋ ಸೋರೆಕಾಯಿ ಅಲ್ಲ, ದಪ್ಪ ತೊಗಟೆಯ ಕಹಿ ಜಾತಿ. ಪಂಢರಪುರ, ಮಂಗಳವೇಢೆ ಕಡೆ ಭೀಮಾ ತೀರದಲ್ಲಿ ವಾದ್ಯಕ್ಕೆಂದೇ ಬೆಳೀತಾರೆ. ತಿಂಗಳುಗಟ್ಟಲೆ ಒಣಗಿಸ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದರೆ ಅವರ ಪಾಡೂ ಹತ್ತಿ ರೈತನ ಪಾಡೇ. ಕತ್ತಿಗೂ ಮೇಲಿನ ಹಲಗೆಗೂ ತುನ್ ಮರ, ಅದಕ್ಕೂ ಚೆನ್ನಾಗಿ ಹದ ಬಂದಿರಬೇಕು.

ಈಗ ಪರೀಕ್ಷೆ. ಬುರುಡೆಯನ್ನು ಗೆಣ್ಣಿನಿಂದ ಬಡಿಯಿರಿ, ಎಲ್ಲ ಕಡೆ ಒಂದೇ ನಾದ ಬರಬೇಕು. ಒಂದು ಕಡೆ ಮಂಕಾದರೆ ಒಳಗೆ ತೇಪೆ ಇದೆಯೋ ಅಂತ ಕೇಳಿ. ಕತ್ತನ್ನು ನೊಗ ನೋಡುವ ಹಾಗೆ ಒಂದು ತುದಿಯಿಂದ ಕಣ್ಣಿಟ್ಟು ನೋಡಿ, ಡೊಂಕಿರಬಾರದು. ಬಿರಟೆ ತಿರುಗಿಸಿ ಬಿಟ್ಟರೆ ನಿಂತಲ್ಲೇ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ ಜವಾರಿ. ತಂತಿಗೂ ಕುದುರೆಗೂ ನಡುವೆ ಇಟ್ಟ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ದನಿ ಅರಳುತ್ತದೆ. ಕೊನೆಯ ಖರ್ಜದ ತಂತಿ ಮೀಟಿ ಕಣ್ಮುಚ್ಚಿ. ಅದರೊಳಗಿಂದ ಗಾಂಧಾರ ತಾನಾಗಿ ಎದ್ದು ಬರಬೇಕು. ಬಂದರೆ ಜವಾರಿ ಸರಿಯಾಗಿ ಕೂತಿದೆ ಅಂತ ತಿಳಿಯಿರಿ. ಇನ್ನು ಹಾಡೋರು ಯಾರು ಅನ್ನೋದು ಮೊದಲೇ ತಿಳಿದಿರಲಿ. ಗಂಡಸರ ಶ್ರುತಿಯ ತಂಬೂರಿ ದೊಡ್ಡದು, ಹೆಂಗಸರದು ಚಿಕ್ಕದು. ಒಂದನ್ನು ತಂದು ಇನ್ನೊಂದರಂತೆ ಎಳೆದರೆ ತಂತಿ ತಡೆಯೋದಿಲ್ಲ.

ಗಿಟಾರಿಗೂ ಇದೇ ನ್ಯಾಯ

ನಮ್ಮ ನೆಂಟರ ಹುಡುಗನೊಬ್ಬ ಬೆಂಗಳೂರಿನಲ್ಲಿ ಉಬ್ಬು ಹಲಗೆಯ ಗಿಟಾರ್ ಹುಡುಕ್ತಾ ಇದ್ದಾನೆ. ಜಾಸ್ ಸಂಗೀತದವರು ನುಡಿಸೋ ಜಾತಿಯಂತೆ. ಅಮೆರಿಕದ ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಅಂತ ಒಂದು ಮಾಡಿತು, ಪಿಟೀಲಿನ ಹಾಗೆ ಉಬ್ಬು ಹಲಗೆ, ಪಿಟೀಲಿನಂಥದೇ ರಂಧ್ರ. ಆ ಜಾತಿಯ ಗಿಟಾರನ್ನೇ ತೊಡೆ ಮೇಲೆ ಮಲಗಿಸಿ ಬ್ರಿಜ್ ಭೂಷಣ್ ಕಾಬ್ರಾ ರಾಗ ನುಡಿಸಿದರು. ಅದಕ್ಕೇ ಹೆಚ್ಚಿನ ತಂತಿ ಬಿಗಿದು ವಿಶ್ವಮೋಹನ ಭಟ್ಟರು ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ತಂದರು. ಹುಡುಗನಿಗೆ ನಾನು ಕೇಳಿದ್ದು ಒಂದೇ: ಹಲಗೆ ಗಟ್ಟಿ ಮರದಲ್ಲಿ ಕೆತ್ತಿದ್ದೋ, ಪ್ಲೈವುಡ್ ಒತ್ತಿ ಬಗ್ಗಿಸಿದ್ದೋ? ಕೆತ್ತಿದ್ದು ದುಬಾರಿ, ಆದರೆ ವರ್ಷ ಕಳೆದಂತೆ ನಾದ ಬಿಚ್ಚುತ್ತದೆ. ಒತ್ತಿದ್ದು ಅಗ್ಗ, ಗಟ್ಟಿಮುಟ್ಟು, ದನಿ ಮಾತ್ರ ಇದ್ದಷ್ಟೇ. ಕಲಿಯೋಕೆ ಅದೂ ಸಾಕು. ಒಂದರ ಬೆಲೆಗೆ ಇನ್ನೊಂದನ್ನು ಕೊಳ್ಳಬಾರದು, ಅಷ್ಟೆ.

ನಾವು ನಕಾಶೆ ಇಲ್ಲದ ಸಾದಾ ತಂಬೂರಿ ಆರಿಸಿದೆವು. ಬಿದ್ದದ್ದು ನಾಲ್ಕೈದು ಕ್ವಿಂಟಾಲ್ ಹತ್ತಿಯ ದುಡ್ಡು, ಅಂದರೆ ಮಳೆ ನಂಬಿದ ಒಂದೆಕರೆ ಹೊಲದ ಫಲ. ರೈಲು ಹತ್ತೋ ಮುಂಚೆ ತಂತಿ ಸಡಿಲಿಸಿದೆವು, ಗಟ್ಟಿ ಪೆಟ್ಟಿಗೆಗೆ ಬೇರೆ ಕೊಟ್ಟೆವು. ಅದರಲ್ಲಿ ಜುಗ್ಗತನ ಬೇಡ. ನಮ್ಮ ಬೇಸಿಗೆಯಲ್ಲಿ ತಂಬೂರಿಯನ್ನು ತಗಡಿನ ಕೆಳಗೆ ಇಡಬೇಡಿ, ಬಿಸಿಲು ಬೀಳೋ ಕಿಟಕಿಯ ಹತ್ತಿರವಂತೂ ಬೇಡವೇ ಬೇಡ. ಜವಾರಿ ಸವೆಯುತ್ತದೆ. ಸವೆದಾಗ ಬಲ್ಲವರ ಕೈಯಲ್ಲೇ ಉಜ್ಜಿಸಬೇಕು. ಅದಕ್ಕೂ ಮಂಡಳಿಯ ಹುಂಡಿಯಲ್ಲಿ ಒಂದಿಷ್ಟು ತೆಗೆದಿಡಿ.

ಈಗ ಏಕಾದಶಿ ಬಂದರೆ ಯಾರು ಮೀಟಬೇಕು ಅಂತ ಹುಡುಗರಲ್ಲಿ ಜಗಳ. ಪಾಳಿ ಹಾಕಿದ್ದೇವೆ. ಚೀಟಿಯಲ್ಲಿ ಹೆಸರು ತೆಲುಗಿನಲ್ಲಿ ಬರೀತಾರೆ. ಬರೀಲಿ ಬಿಡ್ರಿ, ಹಾಡೋದು ಕನ್ನಡದಲ್ಲಿ.