ಉಮ್ಮನ ಜೊತೆ ಅಬಹಾ ಘಟ್ಟ ಹತ್ತುವ ಮುನ್ನ

"ಮೋನೇ, ನೀನು ಹೋಗಿ ಹದಿನಾಲ್ಕು ವರ್ಷ ಆಯ್ತು. ಆ ದೇಶ ಹೇಗಿದೆ ಅಂತ ಒಂದು ಸಲವಾದ್ರೂ ಸರಿಯಾಗಿ ಹೇಳಿದ್ದೀಯಾ?"

ಹೆಮ್ಮಿಗೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಉಮ್ಮ ಹೀಗೆ ಕೇಳಿದಾಗ ನಾನು ರಜೆಯಲ್ಲಿ ಬಂದು ನಾಲ್ಕು ದಿನವಾಗಿತ್ತಷ್ಟೆ. ನನ್ನ ತಂದೆ ಬಂಟ್ವಾಳ ಕಡೆಯಿಂದ ಈ ಕಾವೇರಿ ತೀರಕ್ಕೆ ಅಂಗಡಿ ಹಾಕಲು ಬಂದವರು. ಅವರು ತೀರಿಕೊಂಡ ಮೇಲೂ ಉಮ್ಮ ಇಲ್ಲೇ ಉಳಿದರು. ಸುತ್ತ ಭತ್ತದ ಗದ್ದೆ, ಆಚೆ ಹೊಳೆ, ಹೊಳೆಯಾಚೆ ತಲಕಾಡಿನ ಮರಳು. ನನ್ನ ಕೆಲಸ ಜುಬೈಲ್‌ನಲ್ಲಿ. ಉಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರ: "ಮರಳು, ಬಿಸಿಲು, ಪೈಪು. ಇನ್ನೇನಿದೆ ಅಲ್ಲಿ!"

ಮಗಳು ಮೊಬೈಲ್ ಚಾಚಿದಳು. ಮಂಜು ಮುಸುಕಿದ ಬೆಟ್ಟ, ಅಂಚಿನಲ್ಲಿ ಕಲ್ಲಿನ ಮನೆಗಳು. "ಇದೂ ಸೌದಿಯೇ ಅಲ್ವಾ ಉಪ್ಪಾ?"

ಹೌದು, ಸೌದಿಯೇ. ಹದಿನಾಲ್ಕು ವರ್ಷದಲ್ಲಿ ನಾನು ನೋಡಿದ್ದು ಕ್ಯಾಂಪು, ಕಂಪನಿ, ಹರಮ್ ಮತ್ತು ಇವುಗಳ ನಡುವಿನ ಹೆದ್ದಾರಿ. ನಮ್ಮವರಲ್ಲಿ ಬಹುಪಾಲು ಜನರ ಕಥೆ ಇದೇ. ಅವತ್ತು ಸಂಜೆ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ದಾರಿ ಬರೆಯಲು ಕೂತೆವು: ಮಕ್ಕಾ, ತಾಯಿಫ್, ಅಲ್ ಬಾಹ, ಅಬಹಾ. ದಸರಾ ರಜೆಗೆ ಉಮ್ಮ, ಹೆಂಡತಿ, ಮಗಳು ಮೂವರೂ ವಿಸಿಟ್ ವೀಸಾದಲ್ಲಿ ಬರುವುದು ಅಂತಾಯಿತು. ಆ ಹಾಳೆ ತಯಾರಾಗಲು ಹಿಡಿದ ಸಮಯ, ಆದ ತಪ್ಪು, ಕಲಿತ ಪಾಠ ಇನ್ನೊಂದು ಮನೆಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅದೂ ನಮ್ಮಂಥದ್ದೇ ಘಟ್ಟ

ಸೌದಿಯ ಪಶ್ಚಿಮಕ್ಕೆ ಕೆಂಪು ಸಮುದ್ರ. ಸಮುದ್ರಕ್ಕೆ ತಾಗಿ ಸೆಕೆಯ ಕರಾವಳಿ, ಅದಕ್ಕೆ ತಿಹಾಮ ಎನ್ನುತ್ತಾರೆ. ಅದರ ಪಕ್ಕದಲ್ಲಿ ಗೋಡೆಯ ಹಾಗೆ ಏಳುವ ಸರವಾತ್ ಬೆಟ್ಟಸಾಲು ಯಮನ್‌ವರೆಗೆ ಹೋಗುತ್ತದೆ. ಮಂಗಳೂರು, ಸಂಪಾಜೆ, ಮಡಿಕೇರಿ ನೋಡಿದವರಿಗೆ ಈ ರಚನೆ ಹೇಳಿಕೊಡಬೇಕಾಗಿಲ್ಲ. ಕರಾವಳಿಯಿಂದ ಬೆಟ್ಟಕ್ಕೆ ಹತ್ತುವ ತಿರುವಿನ ರಸ್ತೆಗೆ ಅಲ್ಲಿ ‘ಅಖಬ’ ಎಂಬ ಹೆಸರು. ನಮ್ಮ ‘ಘಾಟಿ’ ಅಂದ ಹಾಗೇ.

ಎತ್ತರ ಮಾತ್ರ ನಮಗಿಂತ ಜಾಸ್ತಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಬಹಾ ಪಟ್ಟಣವೇ 2,200 ಮೀಟರ್ ಮೇಲಿದೆ, ಅಂದರೆ ಹೆಚ್ಚುಕಡಿಮೆ ಊಟಿಯಷ್ಟು. ಪಕ್ಕದ ಸೂದಾ ಬೆಟ್ಟ 3,000 ಮೀಟರ್ ಹತ್ತಿರ ಹೋಗುತ್ತದೆ. ಜುಬೈಲ್‌ನಲ್ಲಿ ಎಸಿ ಇಲ್ಲದೆ ನಿದ್ದೆ ಬಾರದ ದಿನಗಳಲ್ಲಿ ಅಬಹಾದಲ್ಲಿ ರಾತ್ರಿ ಕಂಬಳಿ ಬೇಕು.

2019ರ ಒಂದು ಫಜ್ರ್

ಮೊದಲ ಯೋಜನೆಯಲ್ಲಿ ನಾನು ಬರೆದದ್ದು ಹೀಗಿತ್ತು: ಗುರುವಾರ ಡ್ಯೂಟಿ ಮುಗಿಸಿ ರಾತ್ರಿ ಹೊರಡುವುದು, ಶುಕ್ರವಾರ ಬೆಳಗ್ಗೆ ತಾಯಿಫ್ ಸೇರುವುದು. ನಮ್ಮ ಹುಡುಗರೆಲ್ಲ ಮಾಡುವುದೇ ಹೀಗೆ. ರಜೆ ಉಳಿಯುತ್ತದೆ, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ.

ಬರೆದ ಮೇಲೆ ನನ್ನ ಕೈಯೇ ಅದನ್ನು ಹೊಡೆದು ಹಾಕಿತು. ಜುಬೈಲ್‌ನಿಂದ ತಾಯಿಫ್‌ಗೆ 1,200 ಕಿ.ಮೀ.ಗೂ ಹೆಚ್ಚು. 2019ರಲ್ಲಿ ಮೂವರು ರೂಮ್‌ಮೇಟ್‌ಗಳ ಜೊತೆ ಉಮ್ರಾಕ್ಕೆ ಹೊರಟಿದ್ದೆ. ರಿಯಾದ್ ದಾಟಿ ಎಷ್ಟೋ ಹೊತ್ತಾಗಿತ್ತು. ಫಜ್ರ್ ಮುಗಿಸಿ ಮತ್ತೆ ನಾನೇ ಸ್ಟೀರಿಂಗ್ ಹಿಡಿದೆ. ಮೂವರೂ ಮಲಗಿದ್ದರು. ನೆಟ್ಟಗಿನ ರಸ್ತೆ, ತಿರುವಿಲ್ಲ, ಮರವಿಲ್ಲ. ಗಾಡಿಯ ಚಕ್ರ ರಸ್ತೆ ಅಂಚಿನ ಉಬ್ಬುಪಟ್ಟಿಯ ಮೇಲೆ ಗರಗರ ಅಂದಾಗ ನಾನು ಕಣ್ಣು ಬಿಟ್ಟೆ. ಎಷ್ಟು ಸೆಕೆಂಡು ಮಲಗಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಗಾಡಿ ನಿಲ್ಲಿಸಿ ಇಳಿದೆ. ಕಾಲು ನಡುಗುತ್ತಿತ್ತು. ಮಲಗಿದ್ದವರನ್ನು ಎಬ್ಬಿಸಲಿಲ್ಲ, ಊರಿಗೂ ಹೇಳಲಿಲ್ಲ.

ಅಲ್‌ಹಮ್ದುಲಿಲ್ಲಾಹ್, ಏನೂ ಆಗಲಿಲ್ಲ. ಆದರೆ ಗಲ್ಫ್ ರಸ್ತೆಯಿಂದ ಬಂದ ಒಂದು ಫೋನ್ ಕರೆಯಿಂದ ಕತ್ತಲಾದ ಮನೆಗಳು ನಮ್ಮ ಕರಾವಳಿಯಲ್ಲಿವೆ. ಈ ಸಲ ಪಕ್ಕದಲ್ಲಿ ಕೂರುವವರು 68 ವರ್ಷದ ಉಮ್ಮ, ಹಿಂದೆ ಹೆಂಡತಿ, ಮಗಳು. ಜಗಲಿಯಲ್ಲಿ ಅವತ್ತೇ ಮೊದಲ ಸಲ ಆ ಫಜ್ರ್‌ನ ವಿಷಯ ಹೇಳಿದೆ. ಉಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಹಾಗಾದ್ರೆ ಬೆಳಕಲ್ಲಿ ಮಾತ್ರ ಹೋಗುವ."

ಆ ಒಂದು ಮಾತೇ ನಮ್ಮ ಇಡೀ ಯೋಜನೆಗೆ ಅಡಿಪಾಯವಾಯಿತು. ಇಲ್ಲಿಂದ ಅಲ್ಲಿಗೆ ಎಷ್ಟು ಕಿಲೋಮೀಟರ್ ಅಂತ ಕೇಳುವುದನ್ನು ಬಿಟ್ಟು, ಕಾರಿನಲ್ಲಿರುವ ಅತಿ ದುರ್ಬಲರಿಗೆ ದಿನಕ್ಕೆ ಎಷ್ಟು ಗಂಟೆ ಆಗುತ್ತದೆ ಅಂತ ಕೇಳಿದೆವು. ಉತ್ತರ, ಹೆಚ್ಚೆಂದರೆ ಐದು ಗಂಟೆ. ಮಿಕ್ಕದ್ದೆಲ್ಲ ಅದರ ಸುತ್ತ ಹೊಂದಿಸಿದ್ದು.

ಊಟಿಗೆ ಒಂದು ರಿಹರ್ಸಲ್

ಉಮ್ಮನಿಗೆ ಸಂಪಾಜೆ ಘಾಟಿಯಲ್ಲಿ ಪ್ರತಿ ಸಲವೂ ವಾಂತಿ. ಅಖಬದಲ್ಲಿ ಏನು ಗತಿ? ಪರೀಕ್ಷೆ ಮಾಡಿಯೇ ಬಿಡೋಣ ಅಂತ ನನ್ನ ರಜೆ ಮುಗಿಯುವ ಮುಂಚೆ ಊಟಿಗೆ ಹೊರಟೆವು. ಹೆಮ್ಮಿಗೆಯಿಂದ ತಿ. ನರಸೀಪುರ, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಅಲ್ಲಿಂದ ಮೇಲಕ್ಕೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಇವೆರಡನ್ನೂ ಮೊದಲೇ ನೋಡಿಕೊಂಡು ಹೊರಡುವುದೇ ಯೋಜನೆಯ ಮೊದಲ ಅಭ್ಯಾಸವಾಯಿತು.

ಕಲಿತದ್ದು ಇಷ್ಟು. ಉಮ್ಮ ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ, ಮುಂದೆ ಕೂತು ದೂರದ ರಸ್ತೆ ನೋಡಿದರೆ ಇಲ್ಲ. ಹೊರಡುವಾಗ ಹೊಟ್ಟೆ ತುಂಬಾ ತಿನ್ನಬಾರದು, ಪೂರ್ತಿ ಖಾಲಿಯೂ ಬಿಡಬಾರದು. ಮಗಳು ತಿರುವಿನಲ್ಲಿ ಮೊಬೈಲ್ ನೋಡಿದರೆ ಅವಳಿಗೂ ತಲೆ ತಿರುಗುತ್ತದೆ. ಉಮ್ಮನ ಮಂಡಿಗೆ ಗಂಟೆಗೊಮ್ಮೆ ಇಳಿದು ನಡೆಯಬೇಕು.

ಮತ್ತೆ ನನ್ನ ಪಾಠ. ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂತು. ವರ್ಷಗಟ್ಟಲೆ ಸಮತಟ್ಟು ಹೆದ್ದಾರಿಯಲ್ಲಿ ಆಟೋಮ್ಯಾಟಿಕ್ ಓಡಿಸಿದವನಿಗೆ ಗೇರ್ ಇಳಿಸುವುದೇ ಮರೆತುಹೋಗಿತ್ತು. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಹಳೆ ಲಾರಿ ಡ್ರೈವರ್‌ಗಳು ಹೇಳುವುದು ಸುಮ್ಮನೆ ಅಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರಿಗೆ ಹಾಕುವ ವ್ಯವಸ್ಥೆ ಇರುತ್ತದೆ. ಅದನ್ನು ಮನೆಯಂಗಳದಲ್ಲೇ ಕಲಿತುಕೊಂಡು ಹೋಗಿ.

ಕೊನೆಗೆ ನಿಂತ ದಾರಿ

ಉಮ್ಮ, ಹೆಂಡತಿ, ಮಗಳು ದಮ್ಮಾಮ್‌ಗೆ ಬಂದಿಳಿದರು. ಎರಡು ದಿನ ಜುಬೈಲ್‌ನಲ್ಲಿ ಸುಧಾರಿಸಿಕೊಂಡೆವು. ಅಲ್ಲಿಂದ ಜಿದ್ದಾಕ್ಕೆ ವಿಮಾನ. ಸಾವಿರ ಕಿಲೋಮೀಟರ್ ಮರುಭೂಮಿಯ ಡ್ರೈವಿಂಗ್ ಅಲ್ಲೇ ಉಳಿಯಿತು. ಮೀಖಾತ್ ಆಕಾಶದಲ್ಲೇ ದಾಟುವುದರಿಂದ ಇಹ್ರಾಮ್ ಬಟ್ಟೆ ಮನೆಯಲ್ಲೇ ಉಟ್ಟು ಹೊರಟೆ. ಉಮ್ರಾ ಮೊದಲು, ಪ್ರವಾಸ ಆಮೇಲೆ. ಜಿದ್ದಾದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಅಬಹಾದಲ್ಲಿ ವಾಪಸ್ ಕೊಡುವುದು ಅಂತ ಮಾತಾಯಿತು. ಹೀಗೆ ಬೇರೆ ಊರಲ್ಲಿ ಬಿಡಲು ಹೆಚ್ಚುವರಿ ಹಣ ಕೇಳುತ್ತಾರೆ, ಮೊದಲೇ ವಿಚಾರಿಸಿ. ಅಬಹಾದಿಂದ ದಮ್ಮಾಮ್‌ಗೆ ಮತ್ತೆ ವಿಮಾನ.

ಮಕ್ಕಾದಿಂದ ತಾಯಿಫ್‌ಗೆ ಅಲ್ ಹದಾ ಘಾಟಿಯ ಮೂಲಕ ಸುಮಾರು 90 ಕಿ.ಮೀ. 1965ರಲ್ಲಿ ಸಂಚಾರಕ್ಕೆ ತೆರೆದ ರಸ್ತೆ ಇದು. ಮಳೆ, ದುರಸ್ತಿ ಅಂತ ಆಗಾಗ ಮುಚ್ಚುತ್ತಾರೆ. ಆಗ ಸೈಲುಲ್ ಕಬೀರ್ ಕಡೆಯ ರಸ್ತೆ ಹಿಡಿಯಬೇಕು. ಮೇಲೆ ಹತ್ತಿ ನಿಂತರೆ ಬಂದ ರಸ್ತೆ ಕೆಳಗೆ ಬಿಚ್ಚಿದ ಹಗ್ಗದ ಹಾಗೆ ಕಾಣುತ್ತದೆ. ಅಲ್ಲಿ ಬಬೂನ್ ಮಂಗಗಳ ಹಿಂಡು. ತಿನ್ನಲು ಕೊಟ್ಟರೆ ದಂಡ ಇದೆ, ಕೈಯಲ್ಲಿದ್ದದ್ದನ್ನು ಅವೇ ಕಿತ್ತುಕೊಳ್ಳುತ್ತವೆ ಕೂಡ. ಕಿಟಕಿ ಹಾಕಿಕೊಂಡಿರಿ. ತಾಯಿಫ್ ಗುಲಾಬಿಗೆ ಹೆಸರುವಾಸಿ. ಗುಲಾಬಿ ಬೆಳೆಯುವ, ಅತ್ತರು ತೆಗೆಯುವ ಅಲ್ಲಿಯ ಪದ್ಧತಿಯನ್ನು 2024ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿಸಿತು. ಹೂ ಬಿಡುವುದು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ. ನಾವು ಹೋದದ್ದು ಅಕ್ಟೋಬರ್. ಉಮ್ಮನಿಗೆ ಸಿಕ್ಕಿದ್ದು ಗಿಡ ಮಾತ್ರ.

ತಾಯಿಫ್‌ನಿಂದ ಅಲ್ ಬಾಹ ಸುಮಾರು 220 ಕಿ.ಮೀ., 15ನೇ ಹೆದ್ದಾರಿ. ಅಲ್ ಬಾಹದಿಂದ ಸುರಂಗಗಳ ಮೂಲಕ ತಿಹಾಮ ಕಡೆಗೆ ಇಳಿದರೆ ದೀ ಐನ್ ಎಂಬ ಹಳೆಯ ಹಳ್ಳಿ. ಬಿಳಿ ಅಮೃತಶಿಲೆಯ ದಿಬ್ಬದ ಮೇಲೆ ಕಲ್ಲಿನ ಮನೆಗಳು, ಕೆಳಗೆ ಒರತೆಯ ನೀರು, ಆ ನೀರಿನಲ್ಲಿ ಬಾಳೆ ತೋಟ. ಮೆಟ್ಟಿಲು ಹತ್ತಲು ಉಮ್ಮನಿಗೆ ಆಗಲಿಲ್ಲ, ತೋಟದ ಬಳಿ ಕೂತರು. ನಾವು ಇಳಿದು ಬರುವಾಗ ಮುಳ್ಳಂಚಿನ ಉದ್ದ ಎಲೆಯೊಂದನ್ನು ಮುಟ್ಟಿ ನೋಡುತ್ತಿದ್ದರು. "ಇದು ಮೂಡೆ ಕಟ್ಟುವ ಕೇದಗೆ ಅಲ್ವಾ?" ಹೌದು, ಅದೇ ಜಾತಿ. ಅಲ್ಲಿ ಅದಕ್ಕೆ ಕಾದಿ ಎನ್ನುತ್ತಾರೆ, ಪರಿಮಳಕ್ಕಾಗಿ ಬೆಳೆಯುತ್ತಾರೆ. ಮೇಲಿನ ಮನೆಗಳಿಗಿಂತ ಆ ಎಲೆಯ ವಿಷಯವನ್ನೇ ಉಮ್ಮ ಈಗ ಎಲ್ಲರಿಗೂ ಹೇಳುವುದು.

ಅಲ್ ಬಾಹದಿಂದ ಅಬಹಾಗೆ 330 ಕಿ.ಮೀ. ಮೇಲೆ. ದಾರಿಯಲ್ಲಿ ಅಲ್ ನಮಾಸ್, ತನೂಮ. ಬೆಟ್ಟದ ಮೆಟ್ಟಿಲು ಗದ್ದೆ, ಜುನಿಪರ್ ಮರ, ಅಚಾನಕ್ಕಾಗಿ ಮುಚ್ಚಿಕೊಳ್ಳುವ ಮಂಜು. ಈ ಒಂದು ದಿನ ಬೆಳಗ್ಗೆ ಬೇಗ ಹೊರಟೆವು, ಮಧ್ಯಾಹ್ನದ ಊಟಕ್ಕೆ ಅಲ್ ನಮಾಸ್‌ನಲ್ಲಿ ನಿಂತೆವು, ಮಗ್ರಿಬ್‌ಗೆ ಮುಂಚೆ ಅಬಹಾ ಸೇರಿದೆವು. ಪೆಟ್ರೋಲ್ ಬಂಕ್‌ಗಳಲ್ಲಿ ಮಸೀದಿ, ಶೌಚಾಲಯ ಎರಡೂ ಇರುತ್ತವೆ. ಮುಸಾಫಿರ್‌ಗೆ ಇರುವ ಖಸ್ರ್, ಜಮ್ಅ್ ರಿಯಾಯಿತಿ ಹಿಡಿದು ನಿಲ್ಲುವ ಜಾಗಗಳನ್ನು ಹೊಂದಿಸಿಕೊಂಡರೆ ನಮಾಝ್, ಉಮ್ಮನ ಮಂಡಿ, ಮಗಳ ಹೊಟ್ಟೆ ಮೂರೂ ಸರಿಹೋಗುತ್ತದೆ.

ಅಬಹಾದಲ್ಲಿ ಎರಡು ರಾತ್ರಿ. ಹತ್ತಿರದ ರಿಜಾಲ್ ಅಲ್ಮ ಹಳ್ಳಿಯ ಕಲ್ಲಿನ ಗೋಪುರದಂಥ ಮನೆಗಳನ್ನು ನೋಡಲೇಬೇಕು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2021ರಲ್ಲಿ ಇದನ್ನು ಉತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತ್ತು. ಒಳಗೋಡೆಗಳ ಮೇಲೆ ಹೆಂಗಸರೇ ಬಿಡಿಸುವ ಬಣ್ಣದ ಚಿತ್ತಾರಕ್ಕೆ ‘ಅಲ್ ಖತ್ ಅಲ್ ಅಸೀರಿ’ ಎಂದು ಹೆಸರು. ಯುನೆಸ್ಕೊ 2017ರಲ್ಲಿ ಅದನ್ನು ಗುರುತಿಸಿತು. ಸೂದಾದಿಂದ ರಿಜಾಲ್ ಅಲ್ಮಗೆ ನೇರ ಇಳಿಯುವ ಅಖಬ ಬಹಳ ಕಡಿದು. ಊಟಿಯ ಬ್ರೇಕ್ ವಾಸನೆ ನೆನಪಾಗಿ ನಾನು ಕೆಳಗಿನ ಗೇರಿನಲ್ಲೇ ಇಳಿಸಿದೆ. ಉಮ್ಮ ಮುಂದಿನ ಸೀಟಿನಲ್ಲಿ ತಸ್ಬೀಹ್ ಹಿಡಿದು ರಸ್ತೆ ನೋಡುತ್ತಾ ಕೂತಿದ್ದರು. ವಾಂತಿ ಆಗಲಿಲ್ಲ.

ಹೊರಡುವ ಮುನ್ನ

* ಹಜ್ ಸಮಯದಲ್ಲಿ ವಿಸಿಟ್ ವೀಸಾದವರಿಗೆ ಮಕ್ಕಾ ಪ್ರವೇಶ ಇಲ್ಲ. ದಿನಾಂಕ ನೋಡಿಕೊಂಡೇ ಟಿಕೆಟ್ ಮಾಡಿ. ಉಮ್ರಾ ಪರ್ಮಿಟ್ ನುಸುಕ್ ಆ್ಯಪ್‌ನಲ್ಲಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೋದ ವರ್ಷ ಹೋದವರ ಮಾತು ನಂಬಿ ಕೂರಬೇಡಿ.
* ಸ್ನೇಹಿತನ ಕಾರು ಓಡಿಸುವುದಾದರೆ ಅಬ್ಶಿರ್‌ನಲ್ಲಿ ಅವನಿಂದ ‘ತಫ್ವೀದ್’ ಪಡೆಯಬೇಕು. ಲೈಸೆನ್ಸ್, ಇಸ್ತಿಮಾರ, ಇನ್ಶೂರೆನ್ಸ್ ಅವಧಿ ನೋಡಿ. ರಸ್ತೆಯುದ್ದಕ್ಕೂ ಸಾಹೆರ್ ಕ್ಯಾಮೆರಾ.
* ಉಮ್ರಾ ಮಾಡದೆ ಮೊದಲು ಬೆಟ್ಟಕ್ಕೆ ಹೋಗಿ ಆಮೇಲೆ ಮಕ್ಕಾಕ್ಕೆ ಬರುವವರು ಮೀಖಾತ್ ಮರೆಯಬೇಡಿ. ತಾಯಿಫ್ ಕಡೆಯಿಂದ ಖರ್ನುಲ್ ಮನಾಝಿಲ್, ಹದಾ ಮೂಲಕ ಇಳಿದರೆ ವಾದಿ ಮುಹ್ರಿಮ್. ಅಬಹಾದಿಂದ ಕರಾವಳಿ ರಸ್ತೆಯಲ್ಲಿ ಬಂದರೆ ಯಲಮ್‌ಲಮ್.
* ಬೇಸಿಗೆಯಲ್ಲಿ ಇಡೀ ಸೌದಿಯೇ ಅಬಹಾದಲ್ಲಿರುತ್ತದೆ, ಬಾಡಿಗೆ ಏರುತ್ತದೆ. ಹೋಟೆಲ್ ಬದಲು ಅಡುಗೆಮನೆ ಇರುವ ಫರ್ನಿಶ್ಡ್ ಅಪಾರ್ಟ್‌ಮೆಂಟ್ ಹಿಡಿದರೆ ಗಂಜಿ, ಚಟ್ನಿಗೆ ದಾರಿಯಾಗುತ್ತದೆ.
* ಮಳೆ ಎಚ್ಚರಿಕೆ ಇದ್ದರೆ ವಾದಿಗೆ ಇಳಿಯಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸಂಪಾಜೆ ರಸ್ತೆ ಏನಾಯಿತು ಅಂತ ಕಂಡವರು ನಾವು.
* ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಚೀಟಿ ಸಮೇತ. ಆಂಬುಲೆನ್ಸ್‌ಗೆ 997. ನೆಟ್‌ವರ್ಕ್ ಇಲ್ಲದ ತಿರುವುಗಳಿವೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು, ಡ್ಯೂಟಿ ಮುಗಿಸಿದ ರಾತ್ರಿ ಸ್ಟೀರಿಂಗ್ ಹಿಡಿಯಬೇಡಿ. ಒಂದು ದಿನ ರಜೆ ಹೋದರೆ ಹೋಗಲಿ.

ಉಮ್ಮ ಈಗ ಹೆಮ್ಮಿಗೆಯಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು: "ನನ್ನ ಮಗನ ದೇಶ ನೋಡಿ ಬಂದೆ. ಬರೀ ಮರಳಲ್ಲ ಮಾರಾಯ್ರೇ, ಘಟ್ಟವೂ ಉಂಟು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮೋನೇ, ಆ ಗುಲಾಬಿ ಬಿಡುವುದು ಯಾವ ತಿಂಗಳು ಅಂದೆ?"