ಎರಡು ರಾತ್ರಿ ಪ್ರಯಾಣ, ಒಂದು ಹಗಲು ವಂಡರ್‌ಲಾ

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಬರುವ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್‌ಗಳ ಲೆಕ್ಕ ಬಲು ಸರಳ. ಕೂತವರು ದುಡ್ಡು ಕೊಡುತ್ತಾರೆ, ನಿಂತು ನೋಡುವವರು ಕೊಡುವುದಿಲ್ಲ. ಅಪ್ಪ ಮಗಳನ್ನು ತೊಟ್ಟಿಲು ಹತ್ತಿಸಿ ಕೆಳಗೆ ನಿಂತು ಮಂಡಕ್ಕಿ ತಿನ್ನಬಹುದು. ಅಜ್ಜಿ ನೆರಳು ಹುಡುಕಿಕೊಂಡು ಕೂರಬಹುದು. ಜೇಬು ಖಾಲಿಯಾಯಿತೆಂದರೆ ಮನೆಗೆ ಹೊರಟರಾಯಿತು.

ಬಿಡದಿಯ ವಂಡರ್‌ಲಾ ಗೇಟಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ದುಡ್ಡು ಒಂದೇ ಸಲ, ಅದೂ ಬಾಗಿಲಲ್ಲೇ. ಒಳಗೆ ಹೋದ ಮೇಲೆ ಒಂದೇ ಆಟಕ್ಕೆ ಹತ್ತು ಸಲ ಕೂತರೂ ಕೇಳುವವರಿಲ್ಲ. ಬೆಂಚಿನ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯ್ದವರಿಗೂ ಪೂರಾ ಟಿಕೆಟ್ಟೇ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯಿಂದ ಮೊದಲ ಸಲ ಹೊರಡುವ ಮನೆಗಳು ಎಡವುವುದು ಇಲ್ಲೇ. ಜಾತ್ರೆಗೆ ಹೋದ ಹಾಗೆ ‘ಎಲ್ಲಾರೂ ಹೋಗೋಣ ನಡೀರಿ’ ಎಂದು ಹೊರಟರೆ ಅರ್ಧ ಖರ್ಚು ಆಟವಾಡದವರ ಮೇಲೆ ಬೀಳುತ್ತದೆ. ಯಾರು ಗೇಟು ದಾಟಬೇಕು, ಯಾವ ದಿನ, ಹೇಗೆ ಹೋಗಿ ಹೇಗೆ ಬರಬೇಕು, ಈ ಮೂರನ್ನು ಊರಲ್ಲೇ ತೀರ್ಮಾನಿಸಿದರೆ ಕಡಿಮೆ ದುಡ್ಡಿನ ಮನೆಗೂ ಇದು ನಿಲುಕುವ ಪ್ರವಾಸವೇ.

ನಮ್ಮ ದೇಶಕ್ಕೆ ಈ ಗೇಟಿನ ಪದ್ಧತಿ ಹಳೆಯದೇನಲ್ಲ. ದೆಹಲಿಯ ಅಪ್ಪು ಘರ್ ಶುರುವಾದದ್ದು 1984ರಲ್ಲಿ. ಕೇರಳದ ವಿ-ಗಾರ್ಡ್ ಕಂಪನಿಯ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು; 2005ರಲ್ಲಿ ಬಿಡದಿಯ ವಂಡರ್‌ಲಾ ಬಂತು, 2016ರಲ್ಲಿ ಹೈದರಾಬಾದಿನದು. ಜಿಎಸ್‌ಟಿ ಬಂದ ಹೊಸತರಲ್ಲಿ ಇಂಥ ಪಾರ್ಕುಗಳ ಟಿಕೆಟ್ಟಿಗೆ ಶೇ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಿದರು. ಇಳಿಸಿದ ಮೇಲೂ ದೊಡ್ಡವರ ಟಿಕೆಟ್ ತಲೆಗೆ ಸಾವಿರ ದಾಟುತ್ತದೆ. ವಾರದ ನಡುವೆ ಕಡಿಮೆ, ಶನಿವಾರ-ಭಾನುವಾರ ಮತ್ತು ರಜೆಯ ದಿನಗಳಲ್ಲಿ ಹೆಚ್ಚು.

ಟೇಪು ತಂದು ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯುವುದು ಮೊದಲ ಕೆಲಸ. ವಂಡರ್‌ಲಾದಲ್ಲಿ ಮಗುವಿನ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ ನಿಂತಿದೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ. ಅಲ್ಲಿಂದ 140 ಸೆಂ.ಮೀ.ವರೆಗೆ, ಎಂದರೆ ಸುಮಾರು ನಾಲ್ಕು ಅಡಿ ಏಳು ಇಂಚಿನವರೆಗೆ, ಮಕ್ಕಳ ಟಿಕೆಟ್. ಅದಕ್ಕೆ ಮೇಲೆ ದೊಡ್ಡವರ ದರ. ಆರನೇ ಕ್ಲಾಸಿನ ಹುಡುಗಿ ಉದ್ದಕ್ಕೆ ಬೆಳೆದಿದ್ದರೆ ಆಧಾರ್ ತೋರಿಸಿ ವಾದ ಮಾಡಿ ಉಪಯೋಗವಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮೊಬೈಲಿನಲ್ಲಿ ನೋಡಿ ಮಕ್ಕಳು ಆಸೆಪಡುವ ತಲೆಕೆಳಗು ತಿರುಗುವ ದೊಡ್ಡ ಆಟಗಳಲ್ಲಿ ಹಲವಕ್ಕೂ 140 ಸೆಂ.ಮೀ. ಬೇಕು. 136 ಇರುವ ಹುಡುಗನಿಗೆ ಟಿಕೆಟ್ ಅಗ್ಗ, ಆದರೆ ಅವನು ಯಾವುದಕ್ಕಾಗಿ ಹಟ ಹಿಡಿದಿದ್ದನೋ ಆ ಆಟದ ಮುಂದೆ ಅವನನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಅಳುವ ಹುಡುಗನನ್ನು ಸಮಾಧಾನ ಮಾಡಲು ಕೊಡಿಸುವ ಐಸ್‌ಕ್ರೀಮಿನ ಖರ್ಚು ಬೇರೆ. ಅಂಥ ಹುಡುಗನಿದ್ದರೆ ಒಂದು ವರ್ಷ ತಡೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಇನ್ನು ಧೈರ್ಯದ ಪರೀಕ್ಷೆಗೆ ನಮ್ಮ ಜಾತ್ರೆಗಳೇ ಸಾಕು. ಕುರುಗೋಡಿನಲ್ಲೋ ಬಳ್ಳಾರಿ ದುರ್ಗಮ್ಮನ ಸಿಡಿಬಂಡಿ ಹೊತ್ತಿನಲ್ಲೋ ತೊಟ್ಟಿಲು ಹತ್ತಿಸಿ ನೋಡಿ. ಮೊದಲ ಸುತ್ತಿಗೇ ಕಣ್ಣು ಮುಚ್ಚಿ ಕಿರುಚಿ ಇಳಿದವರನ್ನು 350 ಕಿ.ಮೀ. ದೂರ ಕರೆದೊಯ್ದು ಅದಕ್ಕಿಂತ ದೊಡ್ಡದರಲ್ಲಿ ಕೂರಿಸಬೇಕೇ ಎಂದು ಆಮೇಲೆ ಯೋಚಿಸಬಹುದು.

ರಿಯಾಯಿತಿಗಳನ್ನು ನೋಡಿಟ್ಟುಕೊಳ್ಳಿ. ಮೂರು ದಿನ ಮುಂಚೆ ಆನ್‌ಲೈನಿನಲ್ಲಿ ಟಿಕೆಟ್ ಮಾಡಿದರೆ, ಕಾಲೇಜಿನ ಐಡಿ ಕಾರ್ಡ್ ಇದ್ದರೆ, ಅರವತ್ತು ದಾಟಿದ್ದರೆ ಸ್ವಲ್ಪ ಇಳಿಸುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿದ ಹೊತ್ತಿಗೆ ಹಾಲ್ ಟಿಕೆಟ್ ತೋರಿಸಿದವರಿಗೆ ದರ ಇಳಿಸಿದ ವರ್ಷಗಳೂ ಇವೆ. ಸಾಲಿನಲ್ಲಿ ನಿಲ್ಲದೆ ಹೋಗುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ ನಮ್ಮಂಥವರಿಗಲ್ಲ. ವಾರದ ನಡುವೆ ಹೋದರೆ ಅದು ಬೇಕಾಗುವುದೂ ಇಲ್ಲ.

ದಾರಿಯ ಖರ್ಚಿನಲ್ಲಿ ಸಿಗುವ ಉಳಿತಾಯ ಗೇಟಿನಲ್ಲಿ ಸಿಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ, ಅಲ್ಲಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಬಿಡದಿಗೆ, ತಾಯಿ ಮತ್ತು ಮಗಳ ಕೈಯಿಂದ ಒಂದು ರೂಪಾಯಿ ಇಳಿಯುವುದಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸದು. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ಟನ್ನು ಇಳಿಯುವ ತನಕ ಜೋಪಾನವಾಗಿಡಬೇಕು. ಗಡಿ ತಾಲ್ಲೂಕಿನವರು ಇನ್ನೊಂದು ಗಮನಿಸಬೇಕು. ಆದವಾನಿಗೋ ಆಲೂರಿಗೋ ಮದುವೆಯಾಗಿ ಹೋದ ಅಕ್ಕ ರಜೆಗೆ ಬಂದವಳು ಜೊತೆಗೆ ಹೊರಟರೆ, ಅವಳ ಆಧಾರಿನಲ್ಲಿ ಆಂಧ್ರದ ವಿಳಾಸ ಇದ್ದರೆ ಅವಳಿಗೆ ಪೂರ್ತಿ ಟಿಕೆಟ್.

ಸಿರುಗುಪ್ಪದವರು ಕೇಳುವ ಪ್ರಶ್ನೆ, ಹೈದರಾಬಾದ್ ಯಾಕಾಗಬಾರದು ಎಂಬುದು. ಹಾದಿ ಕಡಿಮೆ, ಭಾಷೆಯ ತೊಡಕಿಲ್ಲ. ಅರ್ಧ ಪೇಟೆ ತೆಲುಗಿನಲ್ಲೇ ವ್ಯವಹಾರ ಮಾಡುತ್ತದೆ. ಆದರೆ ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ. ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ ಮಹಾಲಕ್ಷ್ಮಿ ಯೋಜನೆಯ ಉಚಿತ ಪ್ರಯಾಣ ಇದ್ದರೂ ಅದು ಆ ರಾಜ್ಯದ ಹೆಣ್ಣುಮಕ್ಕಳಿಗೆ ಮಾತ್ರ. ನಾಲ್ಕು ಜನ ಕಾಲೇಜು ಹುಡುಗರು ಹೋಗುವುದಾದರೆ ಹೈದರಾಬಾದ್ ಸರಿ. ಮನೆಯಲ್ಲಿ ಹೆಂಗಸರು ಹೆಚ್ಚಿದ್ದರೆ ಬಿಡದಿಯೇ ಅಗ್ಗ.

ರಾತ್ರಿ ಬಸ್ಸಿನಲ್ಲಿ ಹೋಗಿ ರಾತ್ರಿಯೇ ಹಿಂತಿರುಗಿದರೆ ಲಾಡ್ಜಿನ ಬಾಡಿಗೆ ಉಳಿಯುತ್ತದೆ. ಹೋಗುವಾಗ ಉತ್ಸಾಹದಲ್ಲಿ ಕೂತೇ ರಾತ್ರಿ ಕಳೆಯುವ ಮಕ್ಕಳು ಬರುವಾಗ ನಿಂತಲ್ಲೇ ತೂಗುತ್ತಿರುತ್ತಾರೆ. ಹಾಗಾಗಿ ವಾಪಸಿಗೆ ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಮಾಡಿಸುವುದು ಒಳ್ಳೆಯದು. ಮೈಸೂರಿನಿಂದ ಬಂದು ರಾತ್ರಿ ಬೆಂಗಳೂರು ಬಿಟ್ಟು, ಅನಂತಪುರ, ಗುಂತಕಲ್ ಸುತ್ತಿ ಬೆಳಗಿನ ಹೊತ್ತಿಗೆ ಬಳ್ಳಾರಿ ಮುಟ್ಟಿಸುತ್ತದೆ. ರೈಲಿನಲ್ಲಿ ಹೆಂಗಸರಿಗೂ ಟಿಕೆಟ್ ಬೇಕು. ಐದು ತುಂಬಿದ ಮಗುವಿಗೆ ಬರ್ತ್ ಕೇಳಿದರೆ 2016ರಿಂದ ಪೂರಾ ದರವೇ. ಬಸ್ಸಿಗೆ ಹೋಲಿಸಿದರೆ ನಾಲ್ವರಿಗೆ ಐದಾರು ನೂರು ಹೆಚ್ಚಾದೀತು. ಇಡೀ ಪ್ರವಾಸದಲ್ಲಿ ಕೈ ಬಿಗಿ ಹಿಡಿಯದೆ ನಾನು ಖರ್ಚು ಮಾಡುವುದು ಈ ಐದಾರು ನೂರನ್ನು ಮಾತ್ರ. ರೈಲಿನ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಮೊದಲು ಬರ್ತ್ ಹಿಡಿದು, ಪಾರ್ಕಿನ ಟಿಕೆಟ್ ಆಮೇಲೆ ಮಾಡಿ.

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದರೆ ಪಾರ್ಕಿನ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ನೀರಿನ ಆಟಗಳು ಮಧ್ಯಾಹ್ನವಾದ ಮೇಲೆ ಶುರುವಾಗುತ್ತವೆ. ನಡುವಿನ ನಾಲ್ಕೈದು ತಾಸು ಬೇಜಾರಿನದು, ದುಡ್ಡು ಸುಮ್ಮನೆ ಸೋರುವುದೂ ಆಗಲೇ. ಬೆಂಗಳೂರಿನಲ್ಲಿ ನೆಂಟರಿದ್ದರೆ ಸಂಕೋಚ ಬಿಟ್ಟು ಫೋನ್ ಮಾಡಿ. ನಮ್ಮ ಕಡೆಯ ಪ್ರತಿ ಓಣಿಯ ಒಬ್ಬರಾದರೂ ಅಲ್ಲಿ ಗಾರೆ ಕೆಲಸದಲ್ಲೋ ಕಂಪನಿಯಲ್ಲೋ ಇದ್ದೇ ಇರುತ್ತಾರೆ. ಸ್ನಾನ, ತಿಂಡಿ ಅಲ್ಲೇ ಆಯಿತು. ಇಲ್ಲವಾದರೆ ನಿಲ್ದಾಣದಲ್ಲಿ ಮುಖ ತೊಳೆದು ಮಕ್ಕಳಿಗೆ ಮೆಟ್ರೊ ಹತ್ತಿಸಿ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಹೋಗುತ್ತಿದೆ. ಕೆಂಗೇರಿಯಲ್ಲಿ ಇಳಿದರೆ ಬಿಡದಿಯ ಬಸ್ಸು ಸಿಗುತ್ತದೆ. ಎಷ್ಟೋ ಮಕ್ಕಳಿಗೆ ಮೆಟ್ರೊ ಕೂಡ ಆ ದಿನದ ಒಂದು ಆಟವೇ.

ಬುತ್ತಿ ಕಟ್ಟುವ ಅಭ್ಯಾಸ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಎರಡು ಹೊತ್ತಿಗೆ ತಡೆಯುತ್ತವೆ. ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಬಿಡುವುದಿಲ್ಲವಾದ್ದರಿಂದ ಹತ್ತೂವರೆಗೆ ಗೇಟಿನ ಹೊರಗೇ ಹೊಟ್ಟೆ ತುಂಬಾ ಉಂಡು ಹೋಗಿ. ಒಳಗೆ ಒಂದೇ ಊಟ ಮಾಡಿದರೆ ಸಾಕು.

ಬಟ್ಟೆಯ ವಿಷಯದಲ್ಲಿ ಬಳ್ಳಾರಿಯವರಿಗೆ ಒಂದು ತಮಾಷೆ ಕಾದಿದೆ. ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸುವ ಊರಿನವರು ಜೀನ್ಸ್ ಹಾಕಿಕೊಂಡು ಈ ನೀರಿಗೆ ಇಳಿಯುವಂತಿಲ್ಲ. ಹತ್ತಿಯ ಬಟ್ಟೆ, ಸೀರೆ, ಚೂಡಿದಾರ್ ಕೂಡ ನಡೆಯುವುದಿಲ್ಲ. ನೈಲಾನ್ ಅಥವಾ ಲೈಕ್ರಾ ಆಗಬೇಕು. ಅಲ್ಲೇ ಕೊಳ್ಳಲು ಹೋದರೆ ಬಜೆಟ್ಟಿನ ಕಥೆ ಮುಗಿಯಿತು. ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಆಟದ ಟೀ ಶರ್ಟು, ನೈಲಾನ್ ಚಡ್ಡಿ, ಹೆಂಗಸರಿಗೆ ಮೈತುಂಬ ಬರುವ ಪ್ಯಾಂಟು ಚೌಕಾಸಿ ಮಾಡಿ ತಂದಿಟ್ಟುಕೊಳ್ಳಿ. ಎಷ್ಟೋ ತಾಯಂದಿರು ಈ ಬಟ್ಟೆಯ ಮುಜುಗರಕ್ಕೇ ದಂಡೆಯಲ್ಲಿ ಕೂರುತ್ತಾರೆ. ಪೂರಾ ಟಿಕೆಟ್ ಕೊಟ್ಟು ದಂಡೆಯಲ್ಲಿ ಕೂರುವುದು ಬೇಡ. ಮನೆಯಲ್ಲೇ ಒಮ್ಮೆ ಹಾಕಿ ನೋಡಿ ಮುಜುಗರ ಕಳೆದುಕೊಂಡು ಹೊರಡುವುದು ಮೇಲು.

ಯಾವಾಗ ಹೋಗಬೇಕೆಂಬುದು ಒಬ್ಬೊಬ್ಬರ ದುಡಿಮೆಯ ಮೇಲಿದೆ. ಬಳ್ಳಾರಿಯ ಜೀನ್ಸ್ ಘಟಕದವರಿಗೆ ವಾರದ ಬಟವಾಡೆ. ಅವರು ವಾರಕ್ಕಿಷ್ಟು ಎಂದು ಚೀಟಿ ಹಾಕಿದರೆ ಸೇರುತ್ತದೆ. ಕುರುಗೋಡು ಕಡೆ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆ ಮುಟ್ಟಿದ ಮೇಲೆ ಕೈಯಲ್ಲಿ ಕಾಸು. ಸಿರುಗುಪ್ಪದಲ್ಲಿ ಭತ್ತ ಗಿರಣಿಗೆ ಹೋಗಬೇಕು, ಅದಕ್ಕೆ ಮೊದಲು ಕಾಲುವೆಗೆ ನೀರು ಬರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿನ ಎಷ್ಟು ಮನೆಗಳ ಮದುವೆ, ಮನೆ ರಿಪೇರಿ, ಪ್ರವಾಸಗಳೆಲ್ಲ ಮುಂದಕ್ಕೆ ಹೋದವೋ ಲೆಕ್ಕ ಇಟ್ಟವರಿಲ್ಲ. ಬೆಳೆ ಕೈಗೆ ಬರುವ ಮುಂಚೆ ಸಾಲ ಮಾಡಿ ಹೊರಡುವ ಪ್ರವಾಸಕ್ಕೆ ನಾನಂತೂ ಹೂಂ ಅನ್ನುವುದಿಲ್ಲ. ಕೂಲಿಯವರಿಗೆ ಎರಡು ದಿನದ ಕೂಲಿ ಹೋಗುವುದೂ ಖರ್ಚೇ.

ಬೇಸಿಗೆ ರಜೆ, ದಸರಾ ರಜೆಯಲ್ಲಿ ದರವೂ ಹೆಚ್ಚು, ಸಾಲೂ ಉದ್ದ. ಅರ್ಧ ದಿನ ಸಾಲಿನಲ್ಲೇ ಕಳೆದರೆ ಕೊಟ್ಟ ದುಡ್ಡಿಗೆ ಅರ್ಧ ಆಟ. ಶಾಲೆ ತಪ್ಪಿಸಬಾರದು ಎಂಬುದು ಒಳ್ಳೆಯ ಮಾತೇ. ಆದರೂ ಆಗಸ್ಟಿನ ಒಂದು ಬುಧವಾರ ಹೋಗಿಬರುವ ಮನೆಯವರನ್ನು ನಾನು ಬೈಯಲಾರೆ. ಮಳೆ ಬಂದರೂ ಹೇಗೂ ನೆನೆಯುವುದಕ್ಕೇ ಹೋದದ್ದು.

ಈಗ ಲೆಕ್ಕ. ಸಿರುಗುಪ್ಪದ ಒಂದು ಮನೆ ಎಂದುಕೊಳ್ಳಿ. ಗಂಡ, ಹೆಂಡತಿ, 140 ದಾಟಿದ ಮಗಳು, ಎಂಟು ವರ್ಷದ ಮಗ. ದೊಡ್ಡವರ ಟಿಕೆಟ್ 1,500, ಮಗುವಿನದು 1,200 ಎಂದು ಹಿಡಿದರೆ ಗೇಟಿಗೆ 5,700. ಹೋಗುವಾಗ ಬಸ್ಸಿಗೆ ಗಂಡನದು 500, ಮಗನ ಅರ್ಧ ಟಿಕೆಟ್ 250. ಬರುವಾಗ ರೈಲಿಗೆ ನಾಲ್ವರಿಗೆ 1,200, ಬಳ್ಳಾರಿಯಿಂದ ಊರಿಗೆ 100. ಬೆಂಗಳೂರು-ಬಿಡದಿ ಓಡಾಟ 250, ಊಟ ತಿಂಡಿ 1,500, ಲಾಕರ್, ಬಟ್ಟೆ ಇತ್ಯಾದಿ 500. ಒಟ್ಟು 10,000. ಇವೆಲ್ಲ ಲೆಕ್ಕಕ್ಕೆ ಹಿಡಿದ ಅಂಕಿಗಳು. ಹೊರಡುವ ವಾರದ ದರ ಹಾಕಿ ನಿಮ್ಮ ಮನೆಯ ತಲೆಗಳನ್ನು ಎಣಿಸಿಕೊಳ್ಳಿ. ಮೇಲೊಂದು ಸಾವಿರ ಬೇರೆ ಜೇಬಿನಲ್ಲಿರಲಿ. ಇದೇ ಮನೆ ಕಾರು ಬಾಡಿಗೆ ಮಾಡಿದರೆ ಹೋಗಿಬರಲು ಸುಮಾರು 800 ಕಿ.ಮೀ.; ಕಿ.ಮೀ.ಗೆ 12 ರೂಪಾಯಿ ಎಂದರೂ 9,600, ಡ್ರೈವರ್ ಬತ್ತೆ ಪ್ರತ್ಯೇಕ. ಕಾರೊಂದೇ ಇಡೀ ಪ್ರವಾಸವನ್ನು ನುಂಗುತ್ತದೆ.

ಹತ್ತು ಸಾವಿರ ಎಂದರೆ ಗೃಹಲಕ್ಷ್ಮಿಯ ಐದು ಕಂತು. ಹಾಗೆ ಎತ್ತಿಡುವ ಹೆಣ್ಣುಮಕ್ಕಳಿದ್ದಾರೆ, ಎತ್ತಿಡಲಾಗದವರೂ ಇದ್ದಾರೆ. ಎತ್ತಿಡುವವರು ಮುಂದಿನ ಕಂತಿನ ದಿನವನ್ನು ನಂಬಿ ಟಿಕೆಟ್ ಮಾಡಿಸಬೇಡಿ, ಕೈಗೆ ಬಂದದ್ದನ್ನಷ್ಟೇ ಎಣಿಸಿ.

ಅಜ್ಜಿಯ ಮಾತು ಉಳಿಯಿತು. ‘ನಾನ್ಯಾಕ ಬರ್ಲಿ, ನೀವು ಹೋಗಿ ಬರ್ರಿ’ ಎಂದು ಅವರೇ ಅನ್ನುತ್ತಾರೆ. ಬಿಟ್ಟುಹೋದರೆ ಮನಸ್ಸಿಗೆ ಕಸಿವಿಸಿ. ರಿಯಾಯಿತಿ ಕಳೆದರೂ ಅವರ ಟಿಕೆಟ್ಟಿಗೆ ಸಾವಿರದ ಮೇಲಾಗುತ್ತದೆ, ಮೊಣಕಾಲು ನೋವಿನವರಿಗೆ ಅಲ್ಲಿ ನಡೆದಾಟವೇ ಹೆಚ್ಚು. ಅವರಿಗೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದ ಹುಲಿ-ಸಿಂಹಗಳ ಸಫಾರಿ ಕೂತೇ ನೋಡುವಂಥದ್ದು. ಸಂಜೆಗೆ ಹೊಸಪೇಟೆಯ ಟಿ.ಬಿ. ಡ್ಯಾಮಿನ ಉದ್ಯಾನ, ಅಲ್ಲಿನ ಕಾರಂಜಿ. ಕುರುಗೋಡಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು, ಅಜ್ಜಿಗೆ ಬಸ್ಸಿನ ಖರ್ಚಿಲ್ಲ. ಬಿಡದಿಗೆ ಹೋಗುವ ಮುಂಚಿನ ತಿಂಗಳೇ ಅದನ್ನು ಮುಗಿಸಿಬಿಟ್ಟರೆ, ಮಕ್ಕಳು ದಿನವಿಡೀ ಬಸ್ಸು-ಬಿಸಿಲು ತಡೆಯುತ್ತಾರೋ ಇಲ್ಲವೋ ಎಂಬುದೂ ತಿಳಿಯುತ್ತದೆ.