ಹೊಸ ಚಕ್ರ ನಡುಗುವುದೇಕೆ?

ಕಾರ್ಖಾನೆಯಿಂದ ಕಾರಿನೊಡನೆ ಬಂದ ಉಕ್ಕಿನ ಚಕ್ರಗಳನ್ನು ಬಿಚ್ಚಿಸಿ, ಅಂಗಡಿಯಲ್ಲಿ ದೊರೆಯುವ ಥಳಥಳಿಸುವ ಮಿಶ್ರಲೋಹದ ಚಕ್ರಗಳನ್ನು ಹಾಕಿಸುವವರು ಅನೇಕರಿದ್ದಾರೆ. ಊರೊಳಗೆ ಓಡುವಾಗ ಯಾವ ತೊಂದರೆಯೂ ಕಾಣದು. ಹೆದ್ದಾರಿಯಲ್ಲಿ ವೇಗವು ಗಂಟೆಗೆ 90 ಕಿಲೋಮೀಟರನ್ನು ದಾಟಿತೆಂದರೆ ಕೆಲವು ಕಾರುಗಳ ಸ್ಟಿಯರಿಂಗು ಕೈಯಲ್ಲಿ ನಡುಗತೊಡಗುತ್ತದೆ. ಒಡೆಯನು ಚಕ್ರಗಳನ್ನು ಯಂತ್ರದ ಮೇಲಿರಿಸಿ ಸಮತೂಕ ಮಾಡಿಸುತ್ತಾನೆ. ಯಂತ್ರವು ಎಲ್ಲವೂ ಸರಿಯೆನ್ನುತ್ತದೆ. ನಡುಕ ಮಾತ್ರ ನಿಲ್ಲದು. ಈ ಒಗಟನ್ನು ಬಿಡಿಸಲು ಭೌತವಿಜ್ಞಾನದ ಎರಡು ಮೂರು ಸರಳ ತತ್ತ್ವಗಳೇ ಸಾಕು.

ನಡುವಿನ ರಂಧ್ರ

ಚಕ್ರವನ್ನು ಹೊತ್ತು ತಿರುಗುವ ಭಾಗಕ್ಕೆ ಹಬ್ ಎಂದು ಹೆಸರು. ಅದರ ನಡುವೆ ದುಂಡನೆಯ ದಿಂಡೊಂದು ಹೊರಚಾಚಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಮೂಲ ಚಕ್ರದ ನಡುರಂಧ್ರವು ಈ ದಿಂಡಿಗೆ ಸಡಿಲವಿಲ್ಲದಂತೆ ಕೂಡುತ್ತದೆ. ಆಗ ಚಕ್ರದ ಕೇಂದ್ರವೂ ತಿರುಗುವ ಅಕ್ಷವೂ ತಾವಾಗಿಯೇ ಒಂದಾಗುತ್ತವೆ.

ಹೊರಗೆ ಮಾರುವ ಚಕ್ರಗಳ ತಯಾರಕರಾದರೋ ಒಂದೇ ಚಕ್ರವು ಹಲವು ಕಾರುಗಳಿಗೆ ಹೊಂದಲೆಂದು ರಂಧ್ರವನ್ನು ದೊಡ್ಡದಾಗಿ ಕೊರೆಯುತ್ತಾರೆ. ಫೋಕ್ಸ್‌ವ್ಯಾಗನ್ ಕಂಪನಿಯ ಅನೇಕ ಕಾರುಗಳ ದಿಂಡಿನ ವ್ಯಾಸ 57.1 ಮಿ.ಮೀ. ಇಂಥ ಚಕ್ರಗಳ ರಂಧ್ರವಾದರೆ ಹಲವು ವೇಳೆ 73.1 ಮಿ.ಮೀ. ಅಂದರೆ ಸುತ್ತಲೂ 8 ಮಿ.ಮೀ. ಖಾಲಿ ಜಾಗ! ಚಕ್ರವನ್ನು ನಡುವಿಗೆ ತರುವ ಹೊಣೆಯೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ. ಒಂದು ಬೋಲ್ಟನ್ನು ಮೊದಲೇ ಪೂರ್ತಿ ಬಿಗಿದರೆ ಚಕ್ರವು ಆ ಪಕ್ಕಕ್ಕೆ ಕೊಂಚ ಸರಿದು ನಿಂತುಬಿಡುತ್ತದೆ.

ಸಮತೂಕದ ಯಂತ್ರವು ಸಾಮಾನ್ಯವಾಗಿ ಚಕ್ರವನ್ನು ಅದರ ನಡುರಂಧ್ರದಲ್ಲಿ ಹಿಡಿದು ತಿರುಗಿಸುತ್ತದೆ. ಕಾರಿನಲ್ಲಿ ಅದೇ ಚಕ್ರವು ಸರಿದುಹೋದ ಬೇರೊಂದು ಅಕ್ಷದ ಸುತ್ತ ತಿರುಗುತ್ತದೆ. ಒಗಟಿನ ಗುಟ್ಟು ಇದೇ.

ಅರ್ಧ ಮಿಲಿಮೀಟರಿನ ಪ್ರತಾಪ

ಟೈರು ಸಹಿತ ಚಕ್ರದ ತೂಕ 18 ಕಿಲೋಗ್ರಾಂ, ಅದು ಸರಿದಿರುವುದು ಕೇವಲ ಅರ್ಧ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಟೈರಿನ ಸುತ್ತಳತೆ ಸುಮಾರು 2 ಮೀಟರು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು 14 ಸಲ ಸುತ್ತುತ್ತದೆ. ಲೆಕ್ಕ ಹಾಕಿದರೆ ಕೇಂದ್ರಾಪಗಾಮಿ ಬಲವು ಸುಮಾರು 70 ನ್ಯೂಟನ್, ಎಂದರೆ 7 ಕಿಲೋಗ್ರಾಂ ಭಾರಕ್ಕೆ ಸಮ. ಸೆಕೆಂಡಿಗೆ 14 ಸಲ ಅದು ಹಬ್ಬನ್ನು ಮೇಲಕ್ಕೂ ಕೆಳಕ್ಕೂ, ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಈ ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ 50 ಕಿಲೋಮೀಟರು ವೇಗದಲ್ಲಿ ಅದು ಕಾಲುಭಾಗ ಮಾತ್ರ. ಇದರ ಮೇಲೆ, ಕೇಂದ್ರ ತಪ್ಪಿದ ಟೈರು ಪ್ರತಿ ಸುತ್ತಿನಲ್ಲೂ ಅಚ್ಚನ್ನು ಕೊಂಚ ಎತ್ತಿ ಇಳಿಸುತ್ತದೆ.

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ನೂಕಿಗೂ ಅದು ಎತ್ತರಕ್ಕೆ ಜೀಕುತ್ತದೆಯಷ್ಟೆ. ಟೈರಿನ ಗಾಳಿ ಮತ್ತು ಮೇಲಿನ ಸ್ಪ್ರಿಂಗುಗಳ ನಡುವೆ ಕುಳಿತ ಚಕ್ರಕ್ಕೂ ತನ್ನದೇ ಲಯವುಂಟು. ಸಾಮಾನ್ಯವಾಗಿ ಅದು ಸೆಕೆಂಡಿಗೆ 10ರಿಂದ 15 ಕಂಪನಗಳು. ಹೆದ್ದಾರಿಯ ವೇಗದಲ್ಲಿ ಸುತ್ತಿನ ಲಯವು ಈ ಲಯವನ್ನು ಕೂಡಿಕೊಂಡಾಗ ಅನುರಣನವುಂಟಾಗಿ ನಡುಕ ಬೆಳೆಯುತ್ತದೆ. ಆ ವೇಗವನ್ನು ದಾಟಿದ ಮೇಲೆ ಕೆಲವೊಮ್ಮೆ ಅದು ತಗ್ಗುವುದೂ ಇದರಿಂದಲೇ.

ಪರಿಹಾರ

ಮೊದಲು ದೋಷವಿರುವ ಜಾಗವನ್ನು ಹುಡುಕಬೇಕು. ಸ್ಟಿಯರಿಂಗು ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳನ್ನೂ, ಆಸನ ನಡುಗಿದರೆ ಹಿಂದಿನ ಚಕ್ರಗಳನ್ನೂ ಶಂಕಿಸಬಹುದು. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ತಪ್ಪು ಬ್ರೇಕಿನ ತಟ್ಟೆಯದಿರಬಹುದು.

ಖಾಲಿ ಜಾಗವನ್ನು ತುಂಬುವ ಉಂಗುರಗಳು ಪ್ಲಾಸ್ಟಿಕ್ಕಿನಲ್ಲಿಯೂ ಅಲ್ಯೂಮಿನಿಯಮ್ಮಿನಲ್ಲಿಯೂ ದೊರೆಯುತ್ತವೆ. ನಮ್ಮ ಉದಾಹರಣೆಗೆ ಬೇಕಾದುದು ಒಳವ್ಯಾಸ 57.1, ಹೊರವ್ಯಾಸ 73.1 ಮಿ.ಮೀ. ಇರುವ ಉಂಗುರ. ಇಷ್ಟು ತೆಳುವಾದ ಪ್ಲಾಸ್ಟಿಕ್ಕು ಕಾರಿನ ಭಾರವನ್ನು ಹೊರುವುದೇ ಎಂದು ವಾಚಕರು ಕೇಳಬಹುದು. ಅದು ಹೊರಬೇಕಾಗಿಲ್ಲ. ಬಿಗಿದ ಬೋಲ್ಟುಗಳು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತವೆ. ಆ ಎರಡು ಮುಖಗಳ ಘರ್ಷಣೆಯೇ ಭಾರವನ್ನು ಹೊರುತ್ತದೆ. ಉಂಗುರದ ಕೆಲಸ ಬಿಗಿಯುವಾಗ ಚಕ್ರವನ್ನು ನಡುವೆ ನಿಲ್ಲಿಸುವುದಷ್ಟೆ.

ಉಂಗುರ ತೊಡಿಸುವ ಮುನ್ನ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಚಕ್ರವು ನೆಲದಿಂದ ಮೇಲಿರುವಾಗಲೇ ಬೋಲ್ಟುಗಳನ್ನು ಒಂದನ್ನು ಬಿಟ್ಟು ಒಂದರಂತೆ, ನಕ್ಷತ್ರದ ಕ್ರಮದಲ್ಲಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಕೊನೆಯ ಬಿಗಿತವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಕೊಟ್ಟು, ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಉಂಗುರದಿಂದ ನೀಗದ ದೋಷಗಳೂ ಇವೆ. ಬೋಲ್ಟಿನ ತಲೆ ಗುಂಡಗಿದ್ದು ಚಕ್ರದ ಗುಳಿ ಶಂಕುವಿನಾಕಾರವಿದ್ದರೆ ಎರಡೂ ತೆಳುವಾದ ಒಂದು ಗೆರೆಯಲ್ಲಿ ಮಾತ್ರ ತಗಲುತ್ತವೆ. ಬೋಲ್ಟುಗಳ ವೃತ್ತದ ವ್ಯಾಸ 98 ಮಿ.ಮೀ. ಇರುವ ಹಬ್ಬಿಗೆ 100 ಮಿ.ಮೀ. ಚಕ್ರವನ್ನು ಬಲವಂತದಿಂದ ಕೂರಿಸಿದರೆ ಬೋಲ್ಟುಗಳು ಓರೆಯಾಗುತ್ತವೆ. ಇಂಥ ಚಕ್ರ ಓಡುತ್ತಲೇ ಸಡಿಲಗೊಂಡು ಕಳಚಿಬೀಳಬಹುದು. ಅದನ್ನು ಹಾಗೆಯೇ ಓಡಿಸದೆ ಬಿಚ್ಚಿಸಬೇಕು.

ಚಕ್ರದ ಅಂದ ಎಲ್ಲರಿಗೂ ಕಾಣುತ್ತದೆ. ಅದರ ಕೇಂದ್ರ ಕಣ್ಣಿಗೆ ಕಾಣದು. ಕಾರಿನಲ್ಲಿರುವವರ ಪ್ರಾಣ ನಿಂತಿರುವುದು ಆ ಕಾಣದ ಕೇಂದ್ರದ ಮೇಲೆ. ಆದ್ದರಿಂದ ಹೊಸ ಚಕ್ರ ಕೊಳ್ಳುವವರು ಹೊಳಪನ್ನು ನೋಡುವ ಮೊದಲು ಅಳತೆಯನ್ನು ಕೇಳಲಿ.